ಬಾಳೆಹಣ್ಣಿನ ಕ್ಯೂ, ಬೆಂಕಿಯ ಹಾಡು

1989ರ ನವೆಂಬರ್. ಬರ್ಲಿನ್ ಗೋಡೆ ತೆರೆದು ಎರಡು ದಿನವಾಗಿದೆ. ಪಶ್ಚಿಮ ಬರ್ಲಿನ್ನಿನ ಬ್ಯಾಂಕುಗಳ ಮುಂದೆ ಬೆಳಗಿನ ಚಳಿಯಲ್ಲೇ ಕ್ಯೂ ಶುರುವಾಗಿ, ಮೂಲೆ ತಿರುಗಿ, ಮುಂದಿನ ರಸ್ತೆಗೂ ಹರಿದಿದೆ. ನಿಂತವರ ಬಾಯಿಂದ ಹಬೆ ಏಳುತ್ತಿದೆ. ಕೈಯಲ್ಲಿ ಗುರುತಿನ ಪುಸ್ತಿಕೆ, ಕಂಕುಳಲ್ಲಿ ಮಗು. ಪೂರ್ವದಿಂದ ಬಂದವರಿಗೆ ತಲೆಗೆ 100 ಮಾರ್ಕ್ ‘ಸ್ವಾಗತ ಹಣ’ ಕೊಡುವುದು ಪಶ್ಚಿಮ ಜರ್ಮನಿಯ ಪದ್ಧತಿ. ಕೈಗೂಸೂ ಒಂದು ತಲೆಯೇ. ಕೌಂಟರಿನಲ್ಲಿ ಪುಸ್ತಿಕೆಗೊಂದು ಮುದ್ರೆ, ಕೈಗೊಂದು ನೋಟು. ಹೊರಗೆ ಬಂದರೆ ಎದುರಿಗೇ ಅಂಗಡಿ ಬೀದಿ.

ಆ ನೋಟಿಗೆ ಕೆಲವರು ಕಾಫಿಪುಡಿ ಕೊಂಡರು, ಕೆಲವರು ಮಗುವಿಗೆ ಆಟದ ಸಾಮಾನು, ಹುಡುಗರು ಕ್ಯಾಸೆಟ್ಟು. ಬಹಳ ಮಂದಿ ಬಾಳೆಹಣ್ಣು ಕೊಂಡರು. ಹಿತ್ತಲಲ್ಲಿ ಗೊನೆ ಕಡಿಯುವ ನಮಗೆ ಇದು ತಮಾಷೆ ಎನಿಸೀತು. ಆದರೆ ಪೂರ್ವ ಜರ್ಮನಿಯ ಅಂಗಡಿಗೆ ಬಾಳೆಹಣ್ಣು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪಶ್ಚಿಮದ ‘ಟಿಟಾನಿಕ್’ ಎಂಬ ವಿಡಂಬನ ಪತ್ರಿಕೆ ಅದೇ ತಿಂಗಳು ಮುಖಪುಟದಲ್ಲಿ ಒಂದು ಚಿತ್ರ ಹಾಕಿತು. ಪೂರ್ವದ ಹುಡುಗಿಯೊಬ್ಬಳು ಸೌತೆಕಾಯಿಯನ್ನು ಬಾಳೆಹಣ್ಣಿನ ಹಾಗೆ ಸುಲಿದು ಹಿಡಿದು, ಇದೇ ನನ್ನ ಮೊದಲ ಬಾಳೆಹಣ್ಣು ಎನ್ನುವಂತೆ ಹಲ್ಲು ಕಿರಿದಿದ್ದಾಳೆ. ಜರ್ಮನರು ಆ ಮುಖಪುಟವನ್ನು ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ಪೂರ್ವದವರು ಸ್ವಲ್ಪ ಕಡಿಮೆ ನಗುತ್ತಾರೆ.

ಆ ತಲೆಮಾರಿನ ಆರು ಮಂದಿ ಪೂರ್ವದವರು 1994ರಲ್ಲಿ ಒಂದು ತಂಡ ಕಟ್ಟಿದರು. ಹೆಸರು ರಾಮ್‌ಸ್ಟೈನ್. ಅದಾಗಿ ಹತ್ತು ವರ್ಷಕ್ಕೆ, 2004ರ ಸೆಪ್ಟೆಂಬರ್ 27ರಂದು, ಅವರ ನಾಲ್ಕನೇ ಆಲ್ಬಮ್ ‘ರೈಝೆ, ರೈಝೆ’ ಬಂತು. ವೇದಿಕೆಯ ಮೇಲೆ ಬೆಂಕಿ ಉಗುಳುವ ಜರ್ಮನ್ ತಂಡ ಎಂದರೆ ನಮ್ಮಲ್ಲೂ ಹಲವರಿಗೆ ಗುರುತು ಹತ್ತುತ್ತದೆ. ಫೋನಿನಲ್ಲಿ ಯಾರೋ ತೋರಿಸಿರುತ್ತಾರೆ. ಬೆಂಕಿ ಕಂಡವರಿಗೆ ಅದರ ಹಿಂದಿನ ನಗು ಕಾಣುವುದಿಲ್ಲ. ಈ ಆಲ್ಬಮ್ಮನ್ನು ಕೊಳ್ಳುವುದು, ತಿನ್ನುವುದು, ತಿಂದು ಸುಸ್ತಾಗುವುದು ಇವುಗಳ ಬಗೆಗಿನ ಒಂದು ಉದ್ದನೆಯ ಕೀಟಲೆಯಾಗಿ ಕೇಳಬಹುದು ಎನ್ನುವುದು ನನ್ನ ಪಟ್ಟು.

ಪಾತ್ರೆ ತೊಳೆಯುವ ಬಾಟಲಿಯಿಂದ

ಇವರ ಸಂಗೀತಕ್ಕೆ ಇಂಡಸ್ಟ್ರಿಯಲ್ ಮೆಟಲ್ ಎಂದು ಹೆಸರು. ಹೆಸರಿನ ಎರಡೂ ಪದಗಳಲ್ಲಿ ಕಾರ್ಖಾನೆ ಇದೆ.

ಮೆಟಲ್ ಹುಟ್ಟಿದ ಕಥೆಯೇ ಕಾರ್ಖಾನೆಯದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 1965ರಲ್ಲಿ, ಕೆಲಸ ಬಿಟ್ಟು ಹೋಗಬೇಕಿದ್ದ ದಿನವೇ, ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿತು. ಎಡಗೈಯಲ್ಲಿ ಗಿಟಾರ್ ಮೀಟುವವನಿಗೆ ತಂತಿ ಒತ್ತಲು ಬೇಕಾದದ್ದು ಅದೇ ಬಲಗೈ. ಅವನು ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳಿಗೆ ಟೋಪಿಯಂತೆ ಎರಡು ತುದಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿಕೊಂಡ. ಅವನ ಗಿಟಾರಿನ ಭಾರದ, ಮಂಕು ಸದ್ದು 1970ರಲ್ಲಿ ಅವನ ತಂಡ ‘ಬ್ಲ್ಯಾಕ್ ಸಬಾತ್’ ಹೆಸರಿನ ರೆಕಾರ್ಡಾಗಿ ಹೊರಬಂತು. ನೋವಾಗದಿರಲಿ ಎಂದು ಮುಂದೆ ತಂತಿಗಳನ್ನೂ ಸಡಿಲಿಸಿದ, ಸದ್ದು ಇನ್ನೂ ಭಾರವಾಯಿತು. ಕಾರ್ಖಾನೆ ಕಿತ್ತುಕೊಂಡದ್ದನ್ನು ಅಡುಗೆಮನೆಯ ಸಿಂಕಿನ ಬಾಟಲಿ ತುಂಬಿಕೊಟ್ಟಿತು.

ಇಂಡಸ್ಟ್ರಿಯಲ್ ಎನ್ನುವ ಅರ್ಧ ಸೇರಿದ್ದು ಆಮೇಲೆ. ಮನುಷ್ಯ ಬಾರಿಸುವ ಡ್ರಮ್‌ನಲ್ಲಿ ಕೂದಲೆಳೆಯಷ್ಟು ಹಿಂದುಮುಂದು ಇರುತ್ತದೆ. ಕೇಳಲು ಹಿತ ಎನಿಸುವುದು ಅದೇ. ಇಲ್ಲಿ ಅದನ್ನು ತೆಗೆದುಹಾಕುತ್ತಾರೆ. ಡ್ರಮ್ ಗಡಿಯಾರದ ಹಾಗೆ, ಕೀಬೋರ್ಡು ಸೈರನ್ನಿನ ಹಾಗೆ. ಗಿಟಾರಿನವನು ಅಂಗೈಯ ಅಂಚನ್ನು ತಂತಿಯ ಮೇಲಿಟ್ಟು ಮೀಟುತ್ತಾನೆ, ನಾದ ಹುಟ್ಟಿದ ಕ್ಷಣವೇ ಸಾಯುತ್ತದೆ. ಬನಹಟ್ಟಿಯಲ್ಲೋ ದೊಡ್ಡಬಳ್ಳಾಪುರದಲ್ಲೋ ಪವರ್‌ಲೂಮ್ ಶೆಡ್ಡಿನ ಪಕ್ಕದ ಮನೆಯಲ್ಲಿ ಒಂದು ರಾತ್ರಿ ಮಲಗಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೊದಲ ಗಂಟೆ ತಲೆ ಚಿಟ್ಟು ಹಿಡಿಯುತ್ತದೆ. ಎರಡನೇ ಗಂಟೆಗೆ ಕಾಲು ತಾನಾಗಿ ತಾಳ ಹಾಕುತ್ತದೆ.

ಹೆಸರಲ್ಲೇ ಕೀಟಲೆ

ಈ ಸದ್ದಿನವರಿಗೆ ಮಾರುಕಟ್ಟೆಯನ್ನು ಅಣಕಿಸುವ ಚಟ ಮೊದಲಿಂದಲೂ ಇದೆ. ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸ್ವಂತ ಕಂಪನಿ ತೆರೆಯಿತು. ಈ ಪ್ರಕಾರಕ್ಕೆ ಹೆಸರು ಬಂದದ್ದು ಅಲ್ಲಿಂದ. 1979ರಲ್ಲಿ ಅವರು ‘20 ಜಾಝ್ ಫಂಕ್ ಗ್ರೇಟ್ಸ್’ ಎಂಬ ರೆಕಾರ್ಡ್ ತಂದರು. ಹೊದಿಕೆಯ ಮೇಲೆ ಹಸಿರು ಹುಲ್ಲು, ಹೂವು, ನಾಲ್ಕು ಹಸನ್ಮುಖ. ರಿಯಾಯಿತಿ ಬುಟ್ಟಿಯಲ್ಲಿ ಸಿಗುವ ಸುಶ್ರಾವ್ಯ ಗೀತೆಗಳ ರೆಕಾರ್ಡೆಂದು ಯಾರಾದರೂ ಮನೆಗೆ ಒಯ್ಯಬೇಕು, ಹಾಗಿದೆ. ಒಳಗೆ ಜಾಝೂ ಇಲ್ಲ, ಇಪ್ಪತ್ತು ಹಾಡೂ ಇಲ್ಲ. ಫೋಟೊ ತೆಗೆದ ಜಾಗ ಬೀಚಿ ಹೆಡ್. ಆತ್ಮಹತ್ಯೆಗಳಿಗೆ ಹೆಸರಾದ ಕಡಲ ಬಂಡೆ ಅದು.

ಪಶ್ಚಿಮ ಬರ್ಲಿನ್ನಿನಲ್ಲಿ 1980ರಲ್ಲಿ ಹುಟ್ಟಿದ ಐನ್‌ಷ್ಟುರ್ಟ್ಸೆಂಡೆ ನೊಯ್‌ಬೌಟೆನ್ ತಂಡ ಗುಜರಿ ಕಬ್ಬಿಣ, ಡ್ರಿಲ್ಲಿಂಗ್ ಮೆಷಿನ್ನುಗಳನ್ನೇ ವಾದ್ಯ ಮಾಡಿಕೊಂಡಿತು. ಅದರ ಗಾಯಕ ಬ್ಲಿಕ್ಸಾ ಬಾರ್ಗೆಲ್ಡ್. ಬ್ಲಿಕ್ಸಾ ಎಂದರೆ ಒಂದು ಬ್ರಾಂಡಿನ ಪೆನ್ನು, ಬಾರ್ಗೆಲ್ಡ್ ಎಂದರೆ ನಗದು ಹಣ. ನಮ್ಮಲ್ಲಿ ಯಾರಾದರೂ ‘ರೆನಾಲ್ಡ್ಸ್ ರೊಕ್ಕಪ್ಪ’ ಎಂದು ಹೆಸರಿಟ್ಟುಕೊಂಡ ಹಾಗೆ. ಮುಂದೊಂದು ದಿನ ಇದೇ ಬ್ಲಿಕ್ಸಾ ಒಂದು ಹಾರ್ಡ್‌ವೇರ್ ಅಂಗಡಿ ಸರಣಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡು ಅದರ ಸರಕುಪಟ್ಟಿಯನ್ನು ದುರಂತ ನಾಟಕದ ಗದ್ಯದಂತೆ ಗಂಭೀರವಾಗಿ ಓದಿದ. ಡ್ರಿಲ್ಲಿಂಗ್ ಮೆಷಿನ್ ಬಾರಿಸಿ ಹೆಸರಾದವನು ಹಾರ್ಡ್‌ವೇರ್ ಅಂಗಡಿಯ ಜಾಹೀರಾತಿಗೆ. ನಗಬೇಕೋ ಬೇಡವೋ ತಿಳಿಯದಂತೆ ಮಾಡುವುದೇ ಇವರ ಕಸುಬು.

ಷಿಕಾಗೋದ ಮಿನಿಸ್ಟ್ರಿ ತಂಡದ ಅಲ್ ಯೋರ್ಗೆನ್ಸನ್ ಇನ್ನೂ ನೇರ. 1989ರ ಅವರ ಆಲ್ಬಮ್ಮಿನ ಹೆಸರು, ಕರಿಯ ವಿದ್ಯಾರ್ಥಿಗಳ ಕಾಲೇಜು ಶಿಕ್ಷಣಕ್ಕೆ ದೇಣಿಗೆ ಕೇಳುವ ಅಮೆರಿಕದ ಪ್ರಸಿದ್ಧ ಜಾಹೀರಾತಿನ ಘೋಷವಾಕ್ಯವನ್ನು ಒಂದೇ ಅಕ್ಷರ ಬದಲಿಸಿ ತಿರುಚಿದ್ದು. ಮೂಲದಲ್ಲಿ ಬುದ್ಧಿ ವ್ಯರ್ಥವಾಗಬಾರದು ಎಂದಿತ್ತು. ಇವರು ಅದನ್ನು ಬುದ್ಧಿಯ ರುಚಿ ನೋಡುವ ಮಾತಾಗಿಸಿದರು.

ಆದರೆ ರಾಮ್‌ಸ್ಟೈನ್‌ಗೆ ನಿಜವಾದ ಗುರುಮನೆ ಸ್ಲೊವೇನಿಯಾದ ಲೈಬಾಖ್. ಅಧಿಕಾರವನ್ನು ಎದುರು ನಿಂತು ಬೈಯುವುದು ಲೈಬಾಖ್‌ನ ದಾರಿಯಲ್ಲ. ಅದರ ಸಮವಸ್ತ್ರವನ್ನೇ ಇಸ್ತ್ರಿ ಮಾಡಿ ತೊಟ್ಟು, ಅದಕ್ಕಿಂತ ಹೆಚ್ಚು ಬಿಗಿಯಾಗಿ ನಿಲ್ಲುವುದು. 1987ರಲ್ಲಿ ಅವರು ಕ್ವೀನ್ ತಂಡದ ‘ಒನ್ ವಿಷನ್’ ಹಾಡನ್ನು ಜರ್ಮನ್‌ಗೆ ತಿರುಗಿಸಿ, ದಂಡಿನ ನಡಿಗೆಯ ತಾಳಕ್ಕೆ ಕೂರಿಸಿ ಹಾಡಿದರು. ಮಾತು ಹೆಚ್ಚುಕಡಿಮೆ ಅದೇ. ಸ್ಟೇಡಿಯಮ್ಮಿನಲ್ಲಿ ಎಲ್ಲರೂ ಕೈ ಎತ್ತಿ ಕುಣಿದಿದ್ದ ಹಾಡು ಈಗ ಬೆನ್ನಲ್ಲಿ ಚಳಿ ಹುಟ್ಟಿಸಿತು. ಅಲ್ಲಿಯವರೆಗೆ ತಾವು ಏನಕ್ಕೆ ಕೈ ಎತ್ತುತ್ತಿದ್ದೆವು ಎಂದು ಕೇಳಿದವರೇ ಯೋಚಿಸಬೇಕಾಯಿತು. (2015ರಲ್ಲಿ ಲೈಬಾಖ್ ಉತ್ತರ ಕೊರಿಯಾಕ್ಕೇ ಹೋಗಿ ‘ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ಹಾಡುಗಳನ್ನು ಹಾಡಿ ಬಂತು. ಅಲ್ಲಿ ಯಾರಿಗೆ ಯಾರು ಅಣಕವೆಂದು ಹೇಳುವುದು ಕಷ್ಟ.)

ಜಾಹೀರಾತು ಉಂಟು, ಸರಕಿಲ್ಲ

ಪೂರ್ವ ಜರ್ಮನಿಯಲ್ಲಿ ಬೆಳೆಯುವುದೆಂದರೆ ಏನೆಂದು ಗೊತ್ತಿಲ್ಲದೆ ‘ರೈಝೆ, ರೈಝೆ’ ಕೇಳಿದರೆ ಅರ್ಧವೇ ಕೇಳಿಸುತ್ತದೆ.

ಸರ್ಕಾರ ಗೋಡೆ ಕಟ್ಟಿತ್ತು ನಿಜ. ಆದರೆ ಟಿವಿ ಅಲೆಗಳಿಗೆ ಗೋಡೆ ಇಲ್ಲ. ಡ್ರೆಸ್ಡೆನ್ ಸುತ್ತಲಿನ ತಗ್ಗಿನಂಥ ಕೆಲವು ಕಡೆ ಬಿಟ್ಟರೆ ದೇಶದ ಬಹುಪಾಲು ಜನ ಸಂಜೆಗೆ ಪಶ್ಚಿಮದ ಚಾನೆಲ್ ನೋಡುತ್ತಿದ್ದರು. ತಗ್ಗಿನವರಿಗೆ ‘ಏನೂ ಅರಿಯದವರ ಕಣಿವೆ’ಯವರು ಎಂಬ ಅಡ್ಡಹೆಸರೂ ಬಿದ್ದಿತ್ತು. ಚಾನೆಲ್ ಎಂದಮೇಲೆ ಜಾಹೀರಾತು. ಸೋಪು, ಚಾಕೊಲೇಟು, ಕಾರು, ಜೀನ್ಸು ದಿನವೂ ಮನೆಗೆ ಬರುತ್ತಿದ್ದವು, ಚಿತ್ರವಾಗಿ. ಬೆಳಿಗ್ಗೆ ಅಂಗಡಿಗೆ ಹೋದರೆ ಅವು ಇಲ್ಲ. ಟ್ರಾಬಾಂಟ್ ಕಾರಿಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು.

ಇನ್ನೂ ವಿಚಿತ್ರ ಇಂಟರ್‌ಷಾಪ್. ಸರ್ಕಾರವೇ ನಡೆಸುತ್ತಿದ್ದ ಈ ಅಂಗಡಿಯಲ್ಲಿ ಪಶ್ಚಿಮದ ಸರಕೆಲ್ಲ ಸಿಗುತ್ತಿತ್ತು, ಆದರೆ ಪಶ್ಚಿಮದ ಹಣಕ್ಕೆ ಮಾತ್ರ. ಸಮಾಜವಾದಿ ಸರ್ಕಾರ ತನ್ನ ಸ್ವಂತ ನೋಟನ್ನು ತನ್ನ ಸ್ವಂತ ಅಂಗಡಿಯಲ್ಲಿ ಮುಟ್ಟುತ್ತಿರಲಿಲ್ಲ. ಪಶ್ಚಿಮದಲ್ಲಿ ಚಿಕ್ಕಪ್ಪನೋ ಅತ್ತೆಯೋ ಇದ್ದವರಿಗೆ ಒಂದೆರಡು ನೋಟು ಬರುತ್ತಿತ್ತು. ಉಳಿದವರಿಗೆ ಒಳಗಿನ ವಾಸನೆ ದಕ್ಕುತ್ತಿತ್ತು. ಕಾಫಿ, ಸೋಪು, ಸಿಗರೇಟು ಬೆರೆತ ಇಂಟರ್‌ಷಾಪಿನ ವಾಸನೆಯನ್ನು ಆ ಕಾಲದವರು ಇವತ್ತಿಗೂ ಸವಿಯುತ್ತ ಹೇಳುತ್ತಾರೆ.

ರಾಮ್‌ಸ್ಟೈನ್‌ನ ಆರೂ ಜನ ಇಂಥ ನಾಡಿನವರು. ಗಾಯಕ ಟಿಲ್ ಲಿಂಡೆಮಾನ್ ಮೊದಲು ಈಜುಗಾರ, ಆಮೇಲೆ ಬುಟ್ಟಿ ಹೆಣೆಯುವವನು. ಕೀಬೋರ್ಡಿನ ಫ್ಲಾಕೆ ಮತ್ತು ಗಿಟಾರಿನ ಪಾಲ್ ಲಾಂಡರ್ಸ್ ಫೀಲಿಂಗ್ ಬಿ ಎಂಬ ಪಂಕ್ ತಂಡದಲ್ಲಿದ್ದರು. ಪೂರ್ವ ಜರ್ಮನಿಯಲ್ಲಿ ಹಾಡಬೇಕಾದರೂ ಸರ್ಕಾರಿ ಸಮಿತಿಯ ಮುಂದೆ ಕೂತು ದರ್ಜೆ ಹಾಕಿಸಿಕೊಂಡು ಪರವಾನಗಿ ಪಡೆಯಬೇಕಿತ್ತು. ಇನ್ನೊಬ್ಬ ಗಿಟಾರಿಗ ರಿಚರ್ಡ್ ಕ್ರುಸ್ಪೆಯದು ನನಗೆ ಬಹಳ ಇಷ್ಟವಾದ ಕಥೆ. ಹದಿನಾರರ ವಯಸ್ಸಿನಲ್ಲಿ ಗೆಳೆಯರೊಂದಿಗೆ ಚೆಕೊಸ್ಲೊವಾಕಿಯಾಕ್ಕೆ ಹೋಗಿದ್ದಾಗ ಒಂದು ಗಿಟಾರ್ ಕೊಂಡ. ನುಡಿಸಲು ಅಲ್ಲ, ಊರಿಗೆ ತಂದು ಲಾಭಕ್ಕೆ ಮಾರಲು. ಬಿಡಾರದಲ್ಲಿ ಹುಡುಗಿಯೊಬ್ಬಳು ನುಡಿಸು ನುಡಿಸು ಎಂದು ಪೀಡಿಸಿದಳಂತೆ. ಬರುವುದಿಲ್ಲ ಎಂದರೂ ಬಿಡಲಿಲ್ಲ. ಸಿಟ್ಟಿಗೆದ್ದು ತಂತಿಗಳನ್ನು ಮನಬಂದಂತೆ ಬಡಿದ. ಅವಳಿಗೆ ಮೆಚ್ಚುಗೆಯಾಯಿತು. ಮಾಲು ವಾದ್ಯವಾಯಿತು.

ಗೋಡೆ ಬಿದ್ದ ಮೇಲೆ ಲೆಕ್ಕ ತಿರುವುಮುರುವಾಯಿತು. 1990ರ ಜುಲೈ 1ರಂದು ಪಶ್ಚಿಮದ ಮಾರ್ಕ್ ಪೂರ್ವಕ್ಕೂ ಬಂತು. ಜನ ಪಶ್ಚಿಮದ ಸರಕನ್ನೇ ಕೊಳ್ಳಲು ಮುಗಿಬಿದ್ದರು, ಪೂರ್ವದ ಸರಕು ಕೇಳುವವರಿಲ್ಲದೆ ಕೂತಿತು. ಸರ್ಕಾರಿ ಉದ್ದಿಮೆಗಳನ್ನು ಮಾರಲು ನೇಮಿಸಿದ ಟ್ರೊಯ್‌ಹಾಂಡ್ ಸಂಸ್ಥೆಯ ಕೈಯಲ್ಲಿ ಸುಮಾರು 8,500 ಕಂಪನಿಗಳು, 40 ಲಕ್ಷಕ್ಕೂ ಮೀರಿದ ನೌಕರರು ಇದ್ದರು. ಹಲವು ಮಾರಾಟವಾದವು, ಹಲವಕ್ಕೆ ಬೀಗ ಬಿತ್ತು. ಅಂಗಡಿಯಲ್ಲಿ ಈಗ ಎಲ್ಲ ಇತ್ತು; ಕಾರ್ಖಾನೆಯಲ್ಲಿ ಕೆಲಸ ಇರಲಿಲ್ಲ. ಟ್ರೊಯ್‌ಹಾಂಡ್ ಬಾಗಿಲು ಮುಚ್ಚಿದ್ದು 1994ರ ಕೊನೆಗೆ. ರಾಮ್‌ಸ್ಟೈನ್ ಶುರುವಾದದ್ದೂ ಅದೇ ವರ್ಷ. ಯಂತ್ರದ ಸದ್ದು ನಿಂತ ಊರುಗಳಲ್ಲಿ ಈ ಆರು ಜನ ಯಂತ್ರದ ಸದ್ದನ್ನು ಹಾಡು ಮಾಡಿದರು.

ಚಂದ್ರನ ಮೇಲೆ ಬೂದಿ

ಆಲ್ಬಮ್ಮಿನ ಹೆಸರಿಗೆ ಪಯಣ, ಪಯಣ ಎಂದರ್ಥ. ಅದು ಹಡಗಿನಲ್ಲಿ ಬೆಳಿಗ್ಗೆ ನಾವಿಕರನ್ನು ಏಳಿ ಏಳಿ ಎಂದು ಎಬ್ಬಿಸುವ ಹಳೆಯ ಕೂಗೂ ಹೌದು. ಹೊದಿಕೆಯ ಮೇಲಿರುವುದು ವಿಮಾನದ ಕಿತ್ತಳೆ ಬಣ್ಣದ ಫ್ಲೈಟ್ ರೆಕಾರ್ಡರ್, ತೆರೆಯಬೇಡಿ ಎಂಬ ಎಚ್ಚರಿಕೆ ಸಮೇತ. ಸಿ.ಡಿ.ಯ ಕೆಲವು ಪ್ರತಿಗಳಲ್ಲಿ ಮೊದಲ ಹಾಡಿಗಿಂತ ಹಿಂದಕ್ಕೆ ತಿರುಗಿಸಿದರೆ, 1985ರಲ್ಲಿ ಜಪಾನಿನಲ್ಲಿ 520 ಮಂದಿಯನ್ನು ಬಲಿ ತೆಗೆದುಕೊಂಡ ವಿಮಾನದ ಕೊನೆಯ ಕ್ಷಣಗಳ ಧ್ವನಿಮುದ್ರಣ ಅಡಗಿದೆ. ತೆರೆಯಬೇಡಿ ಎಂದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ಕೊಂಡು, ಹುಡುಕಿ ತೆರೆಯುವವರು ನಾವೇ ಎಂಬ ಚುಚ್ಚು ಅದರಲ್ಲಿದ್ದೀತು. ಇದ್ದರೂ ಸತ್ತವರ ಮನೆಯವರ ಕಡೆಯಿಂದ ಯೋಚಿಸಿದರೆ ಅತಿಯಾಯಿತು ಎಂದೇ ನನಗನಿಸುತ್ತದೆ.

ಬಳಕೆಯ ಹುಚ್ಚನ್ನು ನೇರ ಹಿಡಿಯುವ ಹಾಡು ‘ಅಮೆರಿಕ’. ಜಗತ್ತಿನವರೆಲ್ಲ ವಾಸವಾಗಿರುವುದು ಆ ಒಂದೇ ದೇಶದಲ್ಲಿ ಎನ್ನುವುದು ಅದರ ತಿರುಳು. ತಂಪು ಪಾನೀಯ, ಒಳಉಡುಪಿನ ಬ್ರಾಂಡು, ಮಿಕ್ಕಿ ಮೌಸ್, ಸಾಂಟಾ ಕ್ಲಾಸ್ ಸಾಲಾಗಿ ಬರುತ್ತವೆ. ಅವುಗಳ ನಡುವೆ, ಅಂಗಡಿ ಚೀಟಿಯಲ್ಲಿ ಇನ್ನೊಂದು ಸಾಮಾನಿನ ಹಾಗೆ, ಯುದ್ಧವೂ ಬಂದುಹೋಗುತ್ತದೆ. ಇರಾಕ್ ಯುದ್ಧ ನಡೆಯುತ್ತಿದ್ದ 2004ರಲ್ಲಿ ಆ ಒಂದು ಪದವನ್ನು ಯಾರೂ ಕೇಳದೆ ಬಿಡುವಂತಿರಲಿಲ್ಲ.

ಹಾಡಿನ ಚಾಲಾಕಿ ಇರುವುದು ಪಲ್ಲವಿಯಲ್ಲಿ. ಚರಣ ಜರ್ಮನ್, ಪಲ್ಲವಿ ಹೆಚ್ಚುಪಾಲು ಇಂಗ್ಲಿಷ್. ಕೆಲವೇ ಸ್ವರ, ಮಗುವೂ ಹಾಡಬಹುದಾದ ಮಾತು. ಸೋಪಿನ ಜಾಹೀರಾತಿನ ರಾಗದಂತೆ ಒಮ್ಮೆ ಕಿವಿಗೆ ಬಿದ್ದರೆ ಮೂರು ದಿನ ಹೋಗುವುದಿಲ್ಲ. ಇದು ಪ್ರೇಮಗೀತೆ ಅಲ್ಲ ಎಂದು ಗಾಯಕ ನಡುವೆ ತಾನೇ ಎಚ್ಚರಿಸುತ್ತಾನೆ, ಅದೂ ಇಂಗ್ಲಿಷಿನಲ್ಲೇ. ಅಮೆರಿಕ ಜಗತ್ತಿಗೆ ಏನು ಮಾರಿತೆಂದು ಹೇಳುವ ಹಾಡು ಅದೇ ಮಾರಾಟದ ಹತಾರದಿಂದ ಕೆಲಸ ಮಾಡುತ್ತದೆ. ಲೈಬಾಖ್ ಪಾಠ ಇಲ್ಲಿ ಫಲ ಕೊಟ್ಟಿದೆ. ಅಣಕಿಸುವವನು ಅಂಗಡಿಯವನಿಗಿಂತ ಚೆನ್ನಾಗಿ ಮಾರಬೇಕು.

ಯೋರ್ನ್ ಹೈಟ್‌ಮಾನ್ ನಿರ್ದೇಶಿಸಿದ ವಿಡಿಯೊದಲ್ಲಿ ಆರೂ ಜನ ಅಪೊಲೊ ಯಾತ್ರಿಗಳ ಉಡುಪಿನಲ್ಲಿ ಚಂದ್ರನ ಮೇಲೆ ಗಿಟಾರ್ ಬಾರಿಸುತ್ತಾರೆ. ನಡುನಡುವೆ ಭೂಮಿ. ಮುಖಕ್ಕೆ ಬಣ್ಣ ಬಳಿದ ಆಫ್ರಿಕದ ಹಳ್ಳಿಗರು ಪಿಜ್ಜಾ ತಿನ್ನುತ್ತಾರೆ, ಬೌದ್ಧ ಭಿಕ್ಷುಗಳು ಬರ್ಗರ್ ಕಚ್ಚುತ್ತಾರೆ, ಮುಸ್ಲಿಮನೊಬ್ಬ ನಮಾಜಿಗೆ ಮೊದಲು ಬ್ರಾಂಡಿನ ಷೂ ಬಿಚ್ಚಿಡುತ್ತಾನೆ. ಈ ದೃಶ್ಯಗಳಲ್ಲಿ ಯುರೋಪಿನವರ ಕಣ್ಣಿನ ಸೋಮಾರಿತನವೂ ಇದೆ ಎನ್ನದೆ ವಿಧಿಯಿಲ್ಲ. ಆಫ್ರಿಕ ಎಂದ ಕೂಡಲೇ ಗುಡಿಸಲು, ಭರ್ಜಿ. ಕೊನೆಗೆ ಕ್ಯಾಮೆರಾ ಹಿಂದೆ ಸರಿಯುತ್ತದೆ. ಚಂದ್ರನೂ ಸ್ಟುಡಿಯೊದ ಸೆಟ್ಟು. ಚಿತ್ರೀಕರಣ ನಡೆದದ್ದು ಬರ್ಲಿನ್ ಹೊರಗೆ, ಹಳೆಯ ಪೂರ್ವ ಜರ್ಮನಿಯ ರೂಡರ್ಸ್‌ಡಾರ್ಫ್‌ನಲ್ಲಿ ಪಾಳುಬಿದ್ದ ಕಾರ್ಖಾನೆಯಲ್ಲಿ, ನೆಲಕ್ಕೆ ಬೂದಿ ಹರಡಿ. ಮುಚ್ಚಿಹೋದ ಕಾರ್ಖಾನೆಯೇ ಇವರಿಗೆ ಚಂದ್ರಲೋಕ.

ಬೈಯುವವರ ಕೈ ಎಷ್ಟು ಶುದ್ಧ? ತಂಡದ ಹೆಸರೇ ಅಮೆರಿಕಕ್ಕೆ ಅಂಟಿಕೊಂಡಿದೆ. ಪಶ್ಚಿಮ ಜರ್ಮನಿಯ ರಾಮ್‌ಸ್ಟೈನ್ ಅಮೆರಿಕದ ವಾಯುನೆಲೆ. 1988ರ ಆಗಸ್ಟ್‌ನಲ್ಲಿ ಅಲ್ಲಿನ ವಿಮಾನ ಪ್ರದರ್ಶನದಲ್ಲಿ ನಡೆದ ಅವಘಡದಲ್ಲಿ 70 ಜನ ಸತ್ತಿದ್ದರು. ಆ ಹೆಸರಿಗೆ ಇನ್ನೊಂದು ಮಕಾರ ಸೇರಿಸಿಕೊಂಡರು. ಇವರನ್ನು ಅಮೆರಿಕಕ್ಕೆ ಪರಿಚಯಿಸಿದ್ದು ಡೇವಿಡ್ ಲಿಂಚ್, ತನ್ನ ‘ಲಾಸ್ಟ್ ಹೈವೇ’ ಚಿತ್ರದಲ್ಲಿ ಇವರ ಹಾಡು ಬಳಸಿ. ‘ಅಮೆರಿಕ’ ಹಾಡು ಬರುವ ಹೊತ್ತಿಗೆ ಕ್ರುಸ್ಪೆ ನ್ಯೂಯಾರ್ಕಿನಲ್ಲಿ ಮನೆ ಮಾಡಿದ್ದ. 2010ರ ಡಿಸೆಂಬರ್‌ನಲ್ಲಿ ಅದೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂಡ ಹಾಡಿದ್ದು ಮುಂದೆ ಚಲನಚಿತ್ರವಾಗಿಯೂ ಮಾರಾಟವಾಯಿತು. ಹಾಡು ಹೇಳಿದ್ದೂ ಅದನ್ನೇ ಅಲ್ಲವೇ, ಎಲ್ಲರೂ ಅಲ್ಲೇ ವಾಸ ಎಂದು? ಹೇಳಿದವರು ತಮ್ಮನ್ನು ಹೊರಗಿಟ್ಟುಕೊಂಡಿರಲಿಲ್ಲ.

ತುಂಬಿದ ಹೊಟ್ಟೆ

‘ಅಮೆರಿಕ’ಕ್ಕೆ ಪ್ರಚಾರ ಹೆಚ್ಚು ಸಿಕ್ಕಿತು. ನನ್ನ ಕಿವಿಗೆ ಆಲ್ಬಮ್ಮಿನ ಹರಿತ ಇರುವುದು ಬೇರೆ ಮೂರು ಹಾಡುಗಳಲ್ಲಿ.

‘ಮೈನ್ ಟೈಲ್’ ಒಂದು ನಿಜ ಘಟನೆಯಿಂದ ಹುಟ್ಟಿದ್ದು. 2001ರಲ್ಲಿ ಜರ್ಮನಿಯ ರೋಟೆನ್‌ಬುರ್ಗ್‌ನಲ್ಲಿ ಒಬ್ಬ, ತನ್ನಿಂದ ಕೊಲ್ಲಿಸಿಕೊಂಡು ತಿನ್ನಿಸಿಕೊಳ್ಳಲು ಒಪ್ಪುವವರು ಬೇಕೆಂದು ಇಂಟರ್ನೆಟ್ಟಿನಲ್ಲಿ ಪ್ರಕಟಣೆ ಹಾಕಿದ. ಒಬ್ಬ ಒಪ್ಪಿ ಬಂದ. ಮುಂದಾದದ್ದನ್ನು ಭಾನುವಾರದ ಓದುಗರಿಗೆ ಬಿಡಿಸಿ ಹೇಳುವುದು ಬೇಡ. ಕೋರ್ಟು ಮೊದಲು ಎಂಟೂವರೆ ವರ್ಷ, ಮರುವಿಚಾರಣೆಯಲ್ಲಿ ಜೀವಾವಧಿ ಕೊಟ್ಟಿತು. ತಂಡಕ್ಕೆ ಕಂಡದ್ದು ಘಟನೆಯ ರಕ್ತಕ್ಕಿಂತ ಅದರ ವ್ಯವಹಾರ. ಬೇಕಾಗಿದೆ ಎಂಬ ಜಾಹೀರಾತು, ಇಬ್ಬರ ಒಪ್ಪಿಗೆ, ಊಟದ ಮೇಜು. ವೇದಿಕೆಯ ಮೇಲೆ ಲಿಂಡೆಮಾನ್ ಕಟುಕನ ವೇಷದಲ್ಲಿ ಬಂದು ದೊಡ್ಡ ಹಂಡೆಯೊಳಗೆ ಕೂತ ಫ್ಲಾಕೆಯನ್ನು ಬೆಂಕಿಯ ಬಂದೂಕಿನಿಂದ ಬೇಯಿಸುತ್ತಾನೆ. ಬೇಯದಿದ್ದರೆ ಇನ್ನೂ ದೊಡ್ಡ ಬಂದೂಕು ತರುತ್ತಾನೆ. ನಮ್ಮ ಬಯಲಾಟದ ರಾಕ್ಷಸನ ಅಡುಗೆ ನೋಡಿದವರಿಗೆ ಇಲ್ಲಿ ನಗು ಬರುತ್ತದೆ, ಬರಬೇಕು ಕೂಡ.

‘ಮಾಸ್ಕೌ’ ಇನ್ನೊಂದು ತುದಿ. ಹುಡುಗರಾಗಿದ್ದಾಗ ಇವರಿಗೆ ಶಾಲೆಯಲ್ಲಿ ಕಡ್ಡಾಯವಾಗಿ ಕಲಿಸಿದ ಭಾಷೆ ರಷ್ಯನ್. ಕ್ರಾಂತಿಯ ಪುಣ್ಯಕ್ಷೇತ್ರ ಮಾಸ್ಕೋ. ಹಾಡಿನಲ್ಲಿ ಆ ನಗರ ವಯಸ್ಸಾದರೂ ಚೆಲುವು ಮಾಸದ, ದುಡ್ಡಿಗೆ ದಕ್ಕುವ ಹೆಂಗಸು. ಹೆಣ್ಣುದನಿ ರಷ್ಯನ್ನಿನಲ್ಲಿ ಕೂಗಿ ಕರೆಯುತ್ತದೆ. ಒಂದೇ ತಟ್ಟೆಯಲ್ಲಿ ಅಮೆರಿಕವನ್ನೂ ಮಾಸ್ಕೋವನ್ನೂ ಇಟ್ಟದ್ದು ಕಾಕತಾಳೀಯವಲ್ಲ. ಒಂದು ಕಾಲಕ್ಕೆ ಬರ್ಲಿನ್ನನ್ನು ಹಂಚಿಕೊಂಡಿದ್ದವರು ಈಗ ಒಂದೇ ಸಂತೆಯಲ್ಲಿ ಕೂತಿದ್ದಾರೆ.

ಮೂರನೆಯದು ‘ಕೈನೆ ಲುಸ್ಟ್’. ಮನಸ್ಸಿಲ್ಲ, ಬೇಡ, ಬೇಸರ ಎಂದು ಅರ್ಥ. ಹಾಡುವವನಿಗೆ ಯಾವುದೂ ಬೇಡ. ತಿನ್ನುವುದು ಬೇಡ, ತಿಂದದ್ದನ್ನು ಅರಗಿಸಿಕೊಳ್ಳುವ ಉಸಾಬರಿಯೂ ಬೇಡ. ಕಾಮ ಬೇಡ, ದ್ವೇಷವನ್ನು ಬಿಡುವಷ್ಟು ಉತ್ಸಾಹವೂ ಇಲ್ಲ. ಗಿಟಾರ್ ಮಾತ್ರ ರೋಡ್ ರೋಲರಿನಂತೆ ಉರುಳುತ್ತಲೇ ಇರುತ್ತದೆ. ವಿಡಿಯೊದಲ್ಲಿ ತಂಡದವರು ವೇಷ ಹಾಕಿ ಬೆಟ್ಟದಂತೆ ಊದಿದ್ದಾರೆ. ಗಲ್ಲದ ಕೆಳಗೆ ಇನ್ನೆರಡು ಗಲ್ಲ, ಗಿಟಾರು ಹೊಟ್ಟೆಯ ಮೇಲೆ ಕೂತಿದೆ, ಏದುಸಿರು. ಫ್ಲಾಕೆ ಒಬ್ಬನೇ ಸಣಕಲ, ಗಾಲಿಕುರ್ಚಿಯಲ್ಲಿ. ಬಾಳೆಹಣ್ಣಿಗೆ ಕ್ಯೂ ನಿಂತಿದ್ದ ಹುಡುಗರು ಹದಿನೈದು ವರ್ಷದಲ್ಲಿ ಎಲ್ಲಿಗೆ ಮುಟ್ಟಿದರೆಂದು ತಮ್ಮನ್ನೇ ತಾವು ನೋಡಿಕೊಂಡು ನಗುತ್ತಿದ್ದಾರೆ. ಬೇಕು ಬೇಕು ಎನ್ನುವವನನ್ನು ಗೇಲಿ ಮಾಡುವುದು ಸುಲಭ. ಎಲ್ಲ ಸಿಕ್ಕ ಮೇಲೆ ಬೇಕು ಅನ್ನುವುದೇ ಸತ್ತುಹೋದವನನ್ನು ಹಾಡುವುದು ಕಷ್ಟ, ಅದನ್ನು ಈ ಹಾಡು ಮಾಡಿದೆ. ಈ ಲೇಖನಕ್ಕೆಂದು ನಾನು ಇದನ್ನು ಒಂದೇ ದಿನ ಹನ್ನೆರಡು ಸಲ ಹಾಕಿದೆ. ಹದಿಮೂರನೆಯದಕ್ಕೆ ಮನೆಯವರಿಗೆ ಮನಸ್ಸಿರಲಿಲ್ಲ.

ಬೈಗುಳವೂ ಬಿಕರಿಗೆ

‘ರೈಝೆ, ರೈಝೆ’ ಜರ್ಮನಿಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸರಕಿನ ಹುಚ್ಚಿನ ಅಣಕ ಒಳ್ಳೆಯ ಸರಕಾಯಿತು. ಐದು ವರ್ಷದ ನಂತರದ ಆಲ್ಬಮ್ಮಿನ ವಿಶೇಷ ಆವೃತ್ತಿಯನ್ನು ತಂಡ ಒಂದು ಲೋಹದ ಪೆಟ್ಟಿಗೆಯಲ್ಲಿಟ್ಟು ಮಾರಿತು. ಒಳಗೆ ಸಿ.ಡಿ. ಜೊತೆ ಕೈಕೋಳ ಮತ್ತು ಇಲ್ಲಿ ಬರೆಯಲು ಮುಜುಗರವಾಗುವ ಆರು ಗುಲಾಬಿ ಬಣ್ಣದ ಆಟಿಕೆಗಳು, ತಂಡದ ಒಬ್ಬೊಬ್ಬರ ಲೆಕ್ಕಕ್ಕೆ ಒಂದೊಂದು. ಅದು ಅಣಕವೇ, ಅಂಗಡಿಯೇ? ಎರಡೂ. ಕೊಂಡವರಿಗೆ ಅದರಿಂದ ತೊಂದರೆಯೇನೂ ಆದಂತಿಲ್ಲ.

ಈ ಪ್ರಕಾರದ ಎಲ್ಲರಿಗೂ ಇದೇ ಪಾಡು. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ 1989ರ ತನ್ನ ಮೊದಲ ಆಲ್ಬಮ್ಮಿನಲ್ಲೇ ದುಡ್ಡೆಂಬ ದೇವರಿಗೆ ಶಾಪ ಹಾಕಿದ್ದ. 2008ರಲ್ಲಿ ‘ಗೋಸ್ಟ್ಸ್’ ಎಂಬ ಆಲ್ಬಮ್ಮನ್ನು ಯಾರು ಬೇಕಾದರೂ ಹಂಚಿಕೊಳ್ಳಬಹುದೆಂದು ಬಿಟ್ಟ, ಜೊತೆಗೆ 300 ಡಾಲರ್ ಬೆಲೆಯ 2,500 ವಿಶೇಷ ಪ್ರತಿಗಳನ್ನೂ ಇಟ್ಟ. ಕೆಲವೇ ದಿನಗಳಲ್ಲಿ ಎಲ್ಲವೂ ಖಾಲಿ. ಏಳೂವರೆ ಲಕ್ಷ ಡಾಲರ್. ಅದರೊಳಗಿನ ಒಂದು ತುಣುಕನ್ನು ನೆದರ್ಲೆಂಡ್ಸಿನ ಹುಡುಗನೊಬ್ಬ ಎತ್ತಿ ತಾಳಕ್ಕೆ ಕೂರಿಸಿ ಮಾರಾಟಕ್ಕಿಟ್ಟ. ಅದನ್ನು 30 ಡಾಲರ್‌ಗೆ ಕೊಂಡ ಲಿಲ್ ನಾಸ್ ಎಕ್ಸ್ ಎಂಬ ಅಮೆರಿಕದ ಯುವಕ ಅದರ ಮೇಲೆ ಹಾಡಿದ ಕೌಬಾಯ್ ಗೀತೆ ‘ಓಲ್ಡ್ ಟೌನ್ ರೋಡ್’ 2019ರಲ್ಲಿ ಅಮೆರಿಕದ ಪಟ್ಟಿಯ ತುದಿಯಲ್ಲಿ 19 ವಾರ ಕೂತಿತು. ಇನ್ನು ರೆಜ್ನರ್? ಅವನು ಮುಖ್ಯ ಹುದ್ದೆಯಲ್ಲಿದ್ದ ಬೀಟ್ಸ್ ಕಂಪನಿಯನ್ನು ಆ್ಯಪಲ್ 2014ರಲ್ಲಿ 300 ಕೋಟಿ ಡಾಲರಿಗೆ ಕೊಂಡುಕೊಂಡಿತು.

ರಾಮ್‌ಸ್ಟೈನ್‌ನ ಅಣಕವನ್ನು ನಗುತ್ತಲೇ ಕೇಳುವುದು 2023ರ ನಂತರ ಕೆಲವರಿಗೆ ಕಷ್ಟವಾಗಿದೆ. ಕಾರ್ಯಕ್ರಮಗಳಲ್ಲಿ ಯುವತಿಯರನ್ನು ಆರಿಸಿ ಲಿಂಡೆಮಾನ್ ಇರುವ ಪಾರ್ಟಿಗಳಿಗೆ ಕರೆದೊಯ್ಯುವ ವ್ಯವಸ್ಥೆಯೇ ಇತ್ತೆಂದು ಹಲವು ಮಹಿಳೆಯರು ಆರೋಪಿಸಿದರು. ಆತ ನಿರಾಕರಿಸಿದ, ಸಾಕಷ್ಟು ಪುರಾವೆಯಿಲ್ಲವೆಂದು ಬರ್ಲಿನ್ ಪ್ರಾಸಿಕ್ಯೂಟರ್‌ಗಳು ಆ ವರ್ಷದ ಆಗಸ್ಟ್‌ನಲ್ಲಿ ತನಿಖೆ ಕೈಬಿಟ್ಟರು. ಸ್ಟೇಡಿಯಮ್ಮುಗಳ ಹೊರಗೆ ಪ್ರತಿಭಟನೆ ನಡೆಯಿತು, ಒಳಗೆ ಸೀಟುಗಳು ತುಂಬಿಯೇ ಇದ್ದವು. ಮನುಷ್ಯರನ್ನೂ ಸರಕಾಗಿ ನೋಡುವ ಲೋಕದ ಬಗ್ಗೆ ಹಾಡುಕಟ್ಟಿದ ತಂಡವನ್ನು ಜನ ಈಗ ಆ ಹಾಡಿನ ಅಳತೆಗೋಲಿನಲ್ಲೇ ಅಳೆಯುತ್ತಾರೆ.

ಮೆಟಲ್ ಕಾರ್ಯಕ್ರಮ ಎಂದರೆ ಕಪ್ಪು ಟೀ-ಶರ್ಟು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಇಲ್ಲಿಯವರೂ ಅದನ್ನು ಕಂಡಿದ್ದಾರೆ, ತೊಟ್ಟಿದ್ದಾರೆ. ರಾಮ್‌ಸ್ಟೈನ್ ಹಾಡುವ ಯುರೋಪಿನ ಸ್ಟೇಡಿಯಮ್ಮುಗಳಲ್ಲಿ ಅದರ ಅಂಗಡಿ ಗೇಟು ತೆರೆಯುವ ಮೊದಲೇ ಶುರುವಾಗುತ್ತದೆ. ಬಿಸಿಲಿಗೆ ಕೆಂಪಾದ ಅಪ್ಪಂದಿರು, ಹೆಗಲ ಮೇಲೆ ಮಕ್ಕಳು, ಕಿವಿಗೆ ಸದ್ದು ತಡೆಯುವ ಮುಚ್ಚಳ. ಸಾಲು ಪಾರ್ಕಿಂಗಿನವರೆಗೂ ಹೋಗಿದೆ. ಮುಂದಿದ್ದವನ ಸರದಿ ಬಂತು. ಎದೆಯ ಮೇಲೆ ತಂಡದ ಗುರುತಿರುವ ಶರ್ಟು ತೋರಿಸಿ ಅತಿ ದೊಡ್ಡ ಅಳತೆಯದು ಕೇಳುತ್ತಾನೆ. ಖಾಲಿ, ಅದಕ್ಕಿಂತ ಒಂದು ಕಡಿಮೆಯದು ಇದೆ, ಆಗುತ್ತದಾ ಎಂದು ಅಂಗಡಿಯ ಹುಡುಗಿ ಕೇಳುತ್ತಾಳೆ. ಅವನು ಹೊಟ್ಟೆಯ ಮೇಲೆ ಹಿಡಿದು ನೋಡುತ್ತಾನೆ, ಉಸಿರು ಒಳಗೆಳೆದುಕೊಳ್ಳುತ್ತಾನೆ, ಕಾರ್ಡ್ ಚಾಚುತ್ತಾನೆ.